ಗ್ಲೌಸ್ ಒಳಗಿನ ಮೆತ್ತೆ ಕಿತ್ತರೆ ತಪ್ಪು ಯಾರದು? ಬಾಕ್ಸರ್‌ದಾ, ಕೋಚ್‌ದಾ?

ಎಡಗೈ ಹುಕ್:
ಕೈಪಟ್ಟಿಯಲ್ಲಿ ಪ್ಲಾಸ್ಟರ್‌ನಂಥ ವಸ್ತು ಸಿಕ್ಕಿ ಲೈಸೆನ್ಸ್ ಕಳೆದುಕೊಂಡ ಬಾಕ್ಸರ್ ಮಾರ್ಗರಿಟೋ ಹೆಸರು ಬಂದಾಗಲೆಲ್ಲ ಯಾರಾದ್ರೂ ಒಬ್ಬರು ಬಂದು "ಪಾಪ, ಅವನಿಗೇನು ಗೊತ್ತು, ಕೈಗೆ ಪಟ್ಟಿ ಸುತ್ತಿದ್ದು ಕೋಚ್ ಅಲ್ವಾ" ಅಂತಾರೆ. ಅದಕ್ಕೇ ಪ್ರತ್ಯೇಕವಾಗಿ ಕೇಳ್ತಾ ಇದ್ದೀನಿ. ಗ್ಲೌಸ್‌ನಲ್ಲೋ ಅದರೊಳಗೆ ಸುತ್ತೋ ಕೈಪಟ್ಟಿಯಲ್ಲೋ ಮೋಸ ನಡೆದ್ರೆ ಶಿಕ್ಷೆ ಯಾರಿಗೆ ಆಗಬೇಕು?

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಇಬ್ಬರಿಗೂ ಆಗಬೇಕು, ಬಾಕ್ಸರ್‌ಗೆ ಒಂದು ಪಾಲು ಜಾಸ್ತಿನೇ ಆಗಬೇಕು. ಹೊಡೆಯೋ ಕೈ ಅವನದು.

ಗೊತ್ತಿಲ್ಲದವರಿಗೆ ರೆಸ್ಟೋ ಕಥೆ. 1983ರ ಜೂನ್ 16, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಮುಖ್ಯ ಪಂದ್ಯಕ್ಕೆ ಮುಂಚೆ ಹತ್ತು ಸುತ್ತಿನ ಇನ್ನೊಂದು ಪಂದ್ಯ ಇತ್ತು. ಒಂದು ಕಡೆ ಟೆನೆಸಿಯ ಬಿಲ್ಲಿ ಕಾಲಿನ್ಸ್ ಜೂನಿಯರ್, 21 ವರ್ಷ, ಆಡಿದ 14 ಪಂದ್ಯನೂ ಗೆದ್ದವನು. ಇನ್ನೊಂದು ಕಡೆ ಲೂಯಿಸ್ ರೆಸ್ಟೋ, ಸೋಲು ಗೆಲುವು ಎರಡೂ ಕಂಡವನು, ಜೋರು ಏಟಿಗೆ ಹೆಸರಾದವನೇನಲ್ಲ. ಆವತ್ತು ಮಾತ್ರ ಅವನ ಏಟು ಬಿದ್ದ ಹಾಗೆಲ್ಲ ಕಾಲಿನ್ಸ್ ಮುಖ ಊದ್ತಾ ಹೋಯ್ತು, ಹತ್ತನೇ ಸುತ್ತಿನ ಹೊತ್ತಿಗೆ ಕಣ್ಣು ಮುಚ್ಚಿಹೋಗಿತ್ತು. ತೀರ್ಪು ರೆಸ್ಟೋಗೆ ಹೋಯ್ತು. ಕಾಲಿನ್ಸ್‌ಗೆ ಅಪ್ಪನೇ ಕೋಚ್. ಪಂದ್ಯ ಮುಗಿದ ಮೇಲೆ ಕೈ ಕುಲುಕೋಕೆ ಹೋಗಿ ರೆಸ್ಟೋ ಗ್ಲೌಸ್ ಮುಟ್ಟಿದ್ರೆ, ಒಳಗೆ ಬರೀ ಗೆಣ್ಣು ಸಿಕ್ತು. ಅಲ್ಲೇ ಗಲಾಟೆ ಮಾಡಿ ಅಧಿಕಾರಿಗಳನ್ನ ಕರೆದ. ಗ್ಲೌಸ್ ವಶಕ್ಕೆ ತಗೊಂಡು ನೋಡಿದಾಗ ಒಂದೊಂದರಿಂದಲೂ ಸುಮಾರು ಒಂದು ಔನ್ಸ್ ಮೆತ್ತೆ ಕಿತ್ತಿದ್ರು. ಇದ್ದದ್ದೇ ಎಂಟು ಔನ್ಸ್ ಗ್ಲೌಸ್.

ಕಾಲಿನ್ಸ್ ಮತ್ತೆ ರಿಂಗ್‌ಗೆ ಇಳೀಲಿಲ್ಲ. ಕಣ್ಣು ಮಂಜಾಯ್ತು, ಕುಡಿತ ಹತ್ತಿತು, 1984ರ ಮಾರ್ಚ್ 6ರಂದು ಕಾರು ಅಪಘಾತದಲ್ಲಿ ಹೋದ. 22 ವರ್ಷ. ರೆಸ್ಟೋಗೂ ಅವನ ಕೋಚ್ ಪನಾಮಾ ಲೂಯಿಸ್‌ಗೂ 1986ರಲ್ಲಿ ಜೈಲು ಶಿಕ್ಷೆ ಆಯ್ತು. ಅಲ್ಲೀವರೆಗೂ, ಆಮೇಲೂ ಎಷ್ಟೋ ವರ್ಷ ರೆಸ್ಟೋ ಹೇಳಿದ್ದು ಒಂದೇ ಮಾತು: ನಂಗೆ ಗೊತ್ತಿರಲಿಲ್ಲ.

ರಾತ್ರಿ ಪಾಳಿ:
ಹತ್ತು ಸುತ್ತು ಹೊಡೆದವನಿಗೆ ತನ್ನ ಗ್ಲೌಸ್ ತೆಳ್ಳಗಿದೆ ಅಂತ ಗೊತ್ತಾಗಲ್ಲ ಅಂದ್ರೆ ನಂಬೋರು ಯಾರು ಗುರು?

ಅಂಕಪಟ್ಟಿ:
ಅದು ಈಗ ಊಹೆಯ ಮಾತೇ ಅಲ್ಲ. ಎರಡು ದಶಕ ಕಳೆದ ಮೇಲೆ ರೆಸ್ಟೋನೇ ಬಾಯಿಬಿಟ್ಟು ಒಪ್ಪಿಕೊಂಡಿದ್ದಾನೆ. ಗ್ಲೌಸ್ ವಿಷಯ ಗೊತ್ತಿತ್ತು ಅಂದ. ಅದರ ಜೊತೆಗೆ ಕೈಪಟ್ಟಿಯನ್ನ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ನೆನೆಸಿದ್ರು ಅನ್ನೋದನ್ನೂ ಹೇಳಿದ. ಕೋರ್ಟ್‌ನಲ್ಲಿ ಈ ಎರಡನೇ ವಿಷಯ ಬಂದಿರಲೇ ಇಲ್ಲ. ಕಾಲಿನ್ಸ್ ಹೆಂಡತಿಯನ್ನ ಕಂಡು ಕ್ಷಮೆನೂ ಕೇಳಿದ್ದಾನೆ.

ಪಂದ್ಯದ ಫಲಿತಾಂಶ ಅಧಿಕೃತವಾಗಿ 'ನಿರ್ಣಯವಿಲ್ಲ' ಅಂತ ಬದಲಾಯ್ತು. ಅಂದ್ರೆ ಕಾಲಿನ್ಸ್ ದಾಖಲೆಯಲ್ಲಿ ಇವತ್ತಿಗೂ ಸೋಲು ಇಲ್ಲ.

ಮೈಸೂರು ಗರಡಿ:
ಎಡಗೈ ಅವರೇ, ನಿಮ್ಮ ಸಿಟ್ಟು ಅರ್ಥ ಆಗತ್ತೆ, ಆದ್ರೆ "ಬಾಕ್ಸರ್‌ಗೆ ಒಂದು ಪಾಲು ಜಾಸ್ತಿ" ಅನ್ನೋದನ್ನ ನಾನು ಒಪ್ಪಲ್ಲ.

ನಮ್ಮ ಕಡೆ ಗರಡಿಗೆ ಹುಡುಗ ಬರೋದು ಹತ್ತು ಹನ್ನೆರಡು ವಯಸ್ಸಿಗೆ. ಉಸ್ತಾದ್ ಏನು ತಿನ್ನು ಅಂದ್ರೆ ಅದೇ ತಿಂತಾನೆ, ಯಾರ ಜೊತೆ ಜೋಡಿ ಕಟ್ಟಿದ್ರೆ ಅವರ ಜೊತೆ ಹಿಡೀತಾನೆ. ಎದುರು ಮಾತಾಡೋ ಪದ್ಧತಿನೇ ಇಲ್ಲ. ನ್ಯೂಯಾರ್ಕ್‌ನ ಬಡ ಏರಿಯಾದ ಜಿಮ್‌ನಲ್ಲೂ ಅದೇ ಕಥೆ. ರೆಸ್ಟೋ ಪೋರ್ಟೊರಿಕೊದಲ್ಲಿ ಹುಟ್ಟಿ ಬ್ರಾಂಕ್ಸ್‌ನಲ್ಲಿ ಬೆಳೆದವನು. ಪನಾಮಾ ಲೂಯಿಸ್ ಆಗ ದೊಡ್ಡ ಹೆಸರು, ಏರನ್ ಪ್ರಯರ್ ಅಂಥ ಚಾಂಪಿಯನ್ ಜೊತೆ ಇದ್ದವನು. ಅವನು ಕೈ ಚಾಚು ಅಂದ್ರೆ ರೆಸ್ಟೋ ಚಾಚ್ತಾನೆ. ತಪ್ಪಿಲ್ಲ ಅಂತ ಹೇಳ್ತಿಲ್ಲ. ಎಲ್ಲ ಯೋಚನೆ ಮಾಡಿ ನಡೆಸಿದವನಿಗಿಂತ ಹೆಚ್ಚು ಶಿಕ್ಷೆ ಇವನಿಗೆ ಯಾಕೆ?

ಎಡಗೈ ಹುಕ್:
ಗರಡಿ ಸರ್, ಹತ್ತು ವರ್ಷದ ಹುಡುಗನಿಗೆ ಆ ಮಾತು ಸರಿ. ರೆಸ್ಟೋ ಆಗಲೇ ಮೂವತ್ತು ಪಂದ್ಯ ಆಡಿದ್ದ ವೃತ್ತಿಪರ. ಎದುರಿಗಿರೋ ಹುಡುಗನ ಮುಖ ಏನಾಗ್ತಿದೆ ಅಂತ ಅವನಷ್ಟು ಹತ್ತಿರದಿಂದ ನೋಡ್ತಿದ್ದವರು ಯಾರೂ ಇರಲಿಲ್ಲ. ನಾಲ್ಕನೇ ಸುತ್ತಲ್ಲಿ ನಿಲ್ಲಿಸಬಹುದಿತ್ತು. ಏಳನೇ ಸುತ್ತಲ್ಲೂ ನಿಲ್ಲಿಸಬಹುದಿತ್ತು.

ಹಳೇ ರೇಡಿಯೋ:
ಪ್ರಯರ್ ಹೆಸರು ಬಂತಲ್ಲ, ಅದನ್ನೂ ಹೇಳಿಬಿಡಿ. 1982ರ ನವೆಂಬರ್ 12, ಮಯಾಮಿ, ಪ್ರಯರ್ ಎದುರಿಗೆ ಅಲೆಕ್ಸಿಸ್ ಆರ್ಗುಯೆಲ್ಲೊ. ನನ್ನ ಪ್ರಕಾರ ಆ ದಶಕದ ಅತ್ಯುತ್ತಮ ಪಂದ್ಯಗಳಲ್ಲಿ ಅದೂ ಒಂದು. 13ನೇ ಸುತ್ತು ಮುಗಿದಾಗ ಪನಾಮಾ ಲೂಯಿಸ್ ಟಿವಿ ಮೈಕ್ ಮುಂದೇನೇ "ಆ ಬಾಟಲ್ ಬೇಡ, ನಾನು ಕಲಸಿಟ್ಟಿದ್ದು ಕೊಡು" ಅನ್ನೋ ಅರ್ಥದ ಮಾತು ಆಡ್ತಾನೆ. ಅದನ್ನ ಕುಡಿದು ಎದ್ದ ಪ್ರಯರ್ 14ನೇ ಸುತ್ತಲ್ಲಿ ಆರ್ಗುಯೆಲ್ಲೊನ ಮುಗಿಸಿಬಿಟ್ಟ. ಪಂದ್ಯದ ನಂತರ ಮೂತ್ರ ಪರೀಕ್ಷೆ ಆಗಲಿಲ್ಲ. ಬಾಟಲ್‌ನಲ್ಲಿ ಏನಿತ್ತು ಅನ್ನೋದು ಕೊನೇವರೆಗೂ ಸಾಬೀತಾಗಲಿಲ್ಲ.

ನಂಗೆ ಬೇಜಾರಾಗೋದು ಪ್ರಯರ್ ವಿಷಯಕ್ಕೆ. ಅವನು ಅಪ್ಪಟ ಶ್ರೇಷ್ಠ ಬಾಕ್ಸರ್. ಮುಂದಿನ ವರ್ಷ ಎರಡನೇ ಸಲನೂ ಆರ್ಗುಯೆಲ್ಲೊನ ಸೋಲಿಸಿದ, ಆಗ ಪನಾಮಾ ಅವನ ಕಾರ್ನರ್‌ನಲ್ಲಿ (ರಿಂಗ್ ಮೂಲೆಯಲ್ಲಿ ನಿಲ್ಲೋ ಕೋಚ್ ತಂಡದಲ್ಲಿ) ಇರಲಿಲ್ಲ. ಆದರೂ ಜನ ಮಾತಾಡೋದು ಬಾಟಲ್ ಬಗ್ಗೆನೇ. ಒಬ್ಬ ಕೆಟ್ಟ ಕೋಚ್ ಗೆದ್ದವನ ಹೆಸರನ್ನೂ ಕೆಡಿಸಿ ಹೋಗ್ತಾನೆ.

ಕಣ್ಣಿನ ಡಾಕ್ಟರ್:
ಕಾಲಿನ್ಸ್ ಕಣ್ಣಿಗೆ ಆದದ್ದು ಬರೀ ಊತ ಅಂತ ಅನೇಕರು ಅಂದ್ಕೊಂಡಿದ್ದಾರೆ. ಅಲ್ಲ. ಐರಿಸ್ ಹರಿದಿತ್ತು. ಕಣ್ಣಿನ ಕಪ್ಪು ಪಾಪೆಯ ಸುತ್ತ ಇರೋ ಬಣ್ಣದ ಭಾಗ ಐರಿಸ್, ಒಳಗೆ ಎಷ್ಟು ಬೆಳಕು ಹೋಗಬೇಕು ಅನ್ನೋದನ್ನ ಹತೋಟಿಯಲ್ಲಿಡೋದು ಅದೇ. ಹರಿದರೆ ಬೆಳಕು ಕುಕ್ಕತ್ತೆ, ನೋಟ ಮಸುಕಾಗತ್ತೆ. ಮೊಂಡು ಏಟು ಬಿದ್ದಾಗ ಕಣ್ಣುಗುಡ್ಡೆ ಒಂದು ಕ್ಷಣ ಅಪ್ಪಚ್ಚಿಯಾಗಿ ಒಳಗಿನ ಪದರಗಳು ಎಳೆದಾಡ್ತವೆ, ಅದರಿಂದ ಹೀಗಾಗೋದು.

ಗ್ಲೌಸ್‌ನ ಮೆತ್ತೆ ಎರಡು ಕೆಲಸ ಮಾಡತ್ತೆ. ಏಟನ್ನ ಅಗಲ ಜಾಗಕ್ಕೆ ಹಂಚತ್ತೆ, ಮತ್ತೆ ತಾಗೋ ಸಮಯವನ್ನ ಸ್ವಲ್ಪ ಉದ್ದ ಮಾಡತ್ತೆ. ಸರಿಯಾದ ಗ್ಲೌಸ್ ಅಗಲ ಇರೋದ್ರಿಂದ ಹುಬ್ಬು, ಕೆನ್ನೆ ಮೂಳೆಗೂ ತಾಗಿ ಅಲ್ಲೇ ಅರ್ಧ ಜೋರು ಕಳೆದುಕೊಳ್ಳತ್ತೆ. ಮೆತ್ತೆ ಕಿತ್ತು ಪಟ್ಟಿಯನ್ನ ಗಟ್ಟಿ ಮಾಡಿದ್ರೆ ಗೆಣ್ಣು ನೇರ ಕಣ್ಣಿನ ಗುಳಿಗೇ ಇಳಿಯತ್ತೆ.

ಇನ್ನೊಂದು ಮಾತು. ಸರಿಯಾದ ಗ್ಲೌಸ್ ಇದ್ರೂ ಕಣ್ಣಿಗೆ ಅಪಾಯ ಇದ್ದೇ ಇದೆ. ಶುಗರ್ ರೇ ಲೆನರ್ಡ್‌ಗೆ 1982ರಲ್ಲಿ ರೆಟಿನಾ (ಕಣ್ಣಿನ ಹಿಂಬದಿಯ ಒಳಪದರ) ಕಳಚಿಕೊಂಡು ಆಪರೇಷನ್ ಆಯ್ತು, ಅವನಿಗೆ ಯಾರೂ ಮೋಸ ಮಾಡಿರಲಿಲ್ಲ. ನಿಯಮ ಪಾಲಿಸಿದ್ರೂ ಇಷ್ಟು ಅಪಾಯ ಇರೋ ಆಟದಲ್ಲಿ ನಿಯಮ ಮುರಿಯೋದು ನನ್ನ ದೃಷ್ಟಿಯಲ್ಲಿ ಕ್ರೀಡಾ ಅಪರಾಧ ಅಲ್ಲ, ಹಲ್ಲೆ.

ಅಂಕಪಟ್ಟಿ:
ಮೇಡಂ, ಕೋರ್ಟ್ ಕೂಡ ಅದನ್ನೇ ಹೇಳಿದ್ದು. ರೆಸ್ಟೋ ಮೇಲೆ ಸಾಬೀತಾದ ಆರೋಪಗಳಲ್ಲಿ ಹಲ್ಲೆನೂ ಇತ್ತು, ಅಕ್ರಮವಾಗಿ ಆಯುಧ ಇಟ್ಟುಕೊಂಡದ್ದೂ ಇತ್ತು. ಆಯುಧ ಅಂದ್ರೆ ಅವನ ಕೈಯೇ. ಎರಡೂವರೆ ವರ್ಷ ಒಳಗಿದ್ದ.

ಹುಬ್ಳಿ ಮಟ್ಟಿ:
ಡಾಕ್ಟರ್ ಬಾಯಾರ ಮಾತು ಖರೇ ಅದ. ನಮ್ಮ ಕಡೆ ಜಾತ್ರ್ಯಾಗ ಜಂಗಿ ನಿಕಾಲಿ ಕುಸ್ತಿ ನಡೀತಾವ. ಅಲ್ಲೂ ಮೋಸ ಇಲ್ಲಂತಿಲ್ಲ. ಹಿಡಿತ ಸಿಗಬಾರ್ದು ಅಂತ ಮೈಗೆ ಎಣ್ಣಿ ಹಚ್ಕೊಂಡು ಬರ್ತಾರ, ಉಗುರು ಬಿಟ್ಕೊಂಡು ಬರ್ತಾರ. ಅದಕ್ಕ ಹಿರ್ಯಾರು ಕುಸ್ತಿ ಹಚ್ಚೂದಕ್ಕ ಮುಂಚೆ ಕೈ ನೋಡ್ತಾರ, ಮೈಗೆ ಮಣ್ಣು ಹಚ್ಚಸ್ತಾರ. ಸಿಕ್ಕಬಿದ್ರ ಸಾವಿರ ಮಂದಿ ಮುಂದ ಮರ್ಯಾದಿ ಹೋಗತೈತಿ. ಆ ನಾಚಿಕೀಗೆ ಹೆದರಿ ಭಾಳ ಮಂದಿ ಸುಮ್ನ ಇರ್ತಾರ.

ಆದ್ರ ಎಣ್ಣಿ ಹಚ್ಕೊಂಡಾವ ಕುಸ್ತಿ ಗೆಲ್ಲತಾನ ಅಷ್ಟ, ಎದುರಿನಾವನ ಕಣ್ಣು ಹೋಗೂದಿಲ್ಲ. ಈ ಗ್ಲೌಸ್ ಕೆಲಸ ಮಾಡಿದಾವಗ ಜೀವನಪೂರ್ತಿ ಕಣಕ್ಕ ಬಿಡಬಾರ್ದು ನೋಡ್ರಿ.

ಕಡಲ ತಡಿ:
ಮಾರ್ಗರಿಟೋ ಕತೆ ಯಾರೂ ಪೂರ್ತಿ ಹೇಳಲೇ ಇಲ್ಲ ಮಾರಾಯ್ರೆ. ಅಲ್ಲಿಂದ ಶುರು ಆದದ್ದಲ್ವಾ ಚರ್ಚೆ?

2009ರ ಜನವರಿ 24, ಲಾಸ್ ಏಂಜಲೀಸ್, ಮಾರ್ಗರಿಟೋ ಮತ್ತು ಶೇನ್ ಮೋಸ್ಲಿ. ಡ್ರೆಸಿಂಗ್ ರೂಮಿನಲ್ಲಿ ಕೈಗೆ ಪಟ್ಟಿ ಸುತ್ತುವಾಗ ಎದುರಾಳಿ ಕಡೆಯವರು ಒಬ್ಬರು ನಿಂತು ನೋಡುವ ಪದ್ಧತಿ ಉಂಟು. ಮೋಸ್ಲಿ ಕಡೆಯಿಂದ ಹೋದದ್ದು ಅವನ ಕೋಚ್ ನಾಜಿಮ್ ರಿಚರ್ಡ್‌ಸನ್. ಗೆಣ್ಣಿನ ಮೇಲೆ ಇಡುವ ಬ್ಯಾಂಡೇಜ್ ಬಟ್ಟೆಯ ಮೆತ್ತೆ ಗಟ್ಟಿ ಉಂಟು ಅಂತ ಅವನಿಗೆ ಸಂಶಯ ಬಂತು. ಬಿಚ್ಚಿಸಿಯೇ ಬಿಟ್ಟ. ಒಳಗೆ ಪ್ಲಾಸ್ಟರ್‌ನಂಥ ಬಿಳಿ ವಸ್ತು. ಹೊಸದಾಗಿ ಪಟ್ಟಿ ಸುತ್ತಿ ಕಳಿಸಿದ್ರು, ಮೋಸ್ಲಿ ಒಂಬತ್ತನೇ ಸುತ್ತಲ್ಲಿ ಅವನನ್ನು ಹೊಡೆದು ಹಾಕಿದ. ಮಾರ್ಗರಿಟೋ ಮತ್ತು ಅವನ ಕೋಚ್ ಕಪೆಟಿಲ್ಲೊ ಇಬ್ಬರ ಲೈಸೆನ್ಸನ್ನೂ ಕ್ಯಾಲಿಫೋರ್ನಿಯಾ ರದ್ದು ಮಾಡಿತು.

ಈಗ ನೋಡಿ, ಅದಕ್ಕಿಂತ ಆರು ತಿಂಗಳು ಮೊದಲು, 2008ರ ಜುಲೈಯಲ್ಲಿ, ಇದೇ ಮಾರ್ಗರಿಟೋ ಮಿಗೆಲ್ ಕೊಟ್ಟೊನ ಮುಖ ಜಜ್ಜಿ 11ನೇ ಸುತ್ತಲ್ಲಿ ಗೆದ್ದಿದ್ದ. ಕೊಟ್ಟೊಗೆ ಅಲ್ಲಿವರೆಗೆ ಸೋಲು ಅಂತ ಗೊತ್ತಿರಲಿಲ್ಲ. ಆವತ್ತು ಪಟ್ಟಿ ಒಳಗೆ ಏನಿತ್ತು?

ಎಡಗೈ ಹುಕ್:
ಅದೇ ನನ್ನ ಪ್ರಶ್ನೆ. ಕೊಟ್ಟೊ ಎದುರಿನ ಆ ಗೆಲುವು ಇನ್ನೂ ಮಾರ್ಗರಿಟೋ ಲೆಕ್ಕದಲ್ಲೇ ಇದೆ.

ಅಂಕಪಟ್ಟಿ:
ಇರಲೇಬೇಕು. ಆ ರಾತ್ರಿಯ ಪಟ್ಟಿಯನ್ನ ಯಾರೂ ವಶಕ್ಕೆ ತಗೊಂಡಿಲ್ಲ, ಯಾರೂ ಪರೀಕ್ಷೆ ಮಾಡಿಲ್ಲ. ಪಟ್ಟಿ ಸೀಳಿದ ಹಾಗೆ ಕಾಣೋ ಒಂದು ಫೋಟೋ ಆಮೇಲೆ ಓಡಾಡಿತು, ಅಷ್ಟೇ. ಫೋಟೋ ನೋಡಿ ಫಲಿತಾಂಶ ಬದಲಾಯಿಸೋಕೆ ಶುರು ಮಾಡಿದ್ರೆ ಯಾವ ಪಂದ್ಯನೂ ಉಳಿಯಲ್ಲ. ಅನುಮಾನ ಬೇರೆ, ಸಾಕ್ಷಿ ಬೇರೆ.

ರಾತ್ರಿ ಪಾಳಿ:
ಕೊಟ್ಟೊಗೆ ಸಾಕ್ಷಿ ಬೇಕಿರಲಿಲ್ಲ. 2011ರ ಡಿಸೆಂಬರ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲೇ ಮಾರ್ಗರಿಟೋನ ಮತ್ತೆ ಹಿಡಿದು ಅವನ ಬಲಗಣ್ಣು ಮುಚ್ಚೋವರೆಗೂ ಹೊಡೆದ. ಡಾಕ್ಟರ್ ಪಂದ್ಯ ನಿಲ್ಲಿಸಿದ್ರು. ಗೆದ್ದ ಮೇಲೆ ಕೊಟ್ಟೊ ಕುಣಿಯಲಿಲ್ಲ, ಹೋಗಿ ಮಾರ್ಗರಿಟೋ ಮುಖವನ್ನೇ ದಿಟ್ಟಿಸಿ ನೋಡ್ತಾ ನಿಂತ. ಆ ದೃಶ್ಯ ನೋಡದವರು ಇವತ್ತೇ ಹುಡುಕಿ ನೋಡಿ.

ಕೇಜ್ ಅಭಿಮಾನಿ:
ಮೋಸ್ಲಿಯನ್ನ ಹೀರೋ ಮಾಡೋ ಮುಂಚೆ ಒಂದು ನಿಮಿಷ. 2003ರ ಸೆಪ್ಟೆಂಬರ್‌ನಲ್ಲಿ ಆಸ್ಕರ್ ಡೆ ಲಾ ಹೋಯಾ ಜೊತೆಗಿನ ಎರಡನೇ ಪಂದ್ಯಕ್ಕೆ ಅವನೇ ಅಮೆರಿಕದ ಬಾಲ್ಕೊ ಲ್ಯಾಬ್‌ನಿಂದ ಇಪಿಓ ಅನ್ನೋ ಔಷಧಿ ತಗೊಂಡಿದ್ದ. ಗ್ರ್ಯಾಂಡ್ ಜ್ಯೂರಿ (ಅಮೆರಿಕದ ಕೋರ್ಟ್‌ನ ತನಿಖಾ ಮಂಡಳಿ) ಮುಂದೆ ಹೇಳಿಕೆ ಕೊಟ್ಟಿದ್ದಾನೆ. "ಅದು ನಿಷೇಧಿತ ಔಷಧಿ ಅಂತ ನಂಗೆ ಗೊತ್ತಿರಲಿಲ್ಲ" ಅನ್ನೋದು ಅವನ ಸಮರ್ಥನೆ. ಮಾರ್ಗರಿಟೋ ಹೇಳಿದ್ದೂ ಅದೇ ತಾನೇ? ಒಬ್ಬನನ್ನ ಬಿಟ್ಟು ಒಬ್ಬನನ್ನ ಹಿಡಿಯೋದು ಯಾವ ನ್ಯಾಯ? ಡೆ ಲಾ ಹೋಯಾ ಮೂರೂ ಜಡ್ಜ್‌ಗಳ ಅಂಕದ ಕಾರ್ಡ್‌ಗಳಲ್ಲಿ 115-113 ಅಂತ ಸೋತ. ಎರಡೇ ಅಂಕ!

ಇಪಿಓ ಅಂದ್ರೆ ಏನೂ ಇಲ್ಲ ಅನ್ಕೋಬೇಡಿ. ರಕ್ತದಲ್ಲಿ ಕೆಂಪು ಕಣ ಹೆಚ್ಚಾಗತ್ತೆ, ಕೊನೇ ಸುತ್ತುಗಳಲ್ಲೂ ಉಸಿರು ಉಳಿದಿರತ್ತೆ. ಎದುರಿನವನು ಸುಸ್ತಾಗಿ ಕೈ ಇಳಿಸಿರೋ ಹೊತ್ತಲ್ಲಿ ಇವನು ತಾಜಾ ಇರ್ತಾನೆ. ಅದೂ ಹಲ್ಲೆನೇ ಅಲ್ವಾ ಡಾಕ್ಟರ್?

ಕಣ್ಣಿನ ಡಾಕ್ಟರ್:
ಹೌದು, ನಾನು ಅದನ್ನ ಬೇರೆ ತೂಕದಲ್ಲಿ ಇಡಲ್ಲ. ಸೈಕ್ಲಿಂಗ್‌ನಲ್ಲಿ ಇಪಿಓ ತಗೊಂಡ್ರೆ ಎದುರಿನವನು ಎರಡನೇ ಸ್ಥಾನಕ್ಕೆ ಹೋಗ್ತಾನೆ. ಇಲ್ಲಿ ಎದುರಿನವನ ತಲೆಗೆ ಹೆಚ್ಚು ಏಟು ಬೀಳತ್ತೆ.

ಮೈಸೂರು ಗರಡಿ:
ನೋಡಿ ಎಡಗೈ ಅವರೇ, ಇಲ್ಲೇ ನಿಮ್ಮ ವಾದ ಸಡಿಲ ಆಗೋದು. ನಿಮ್ಮ ಲೆಕ್ಕದಲ್ಲಿ ಮೋಸ್ಲಿಗೂ ಮಾರ್ಗರಿಟೋಗೂ ಒಂದೇ ಶಿಕ್ಷೆ ಆಗಬೇಕು. ಒಪ್ತೀರಾ?

ಎಡಗೈ ಹುಕ್:
ಒಪ್ತೀನಿ. ಮೋಸ್ಲಿ ನಂಗೆ ತುಂಬಾ ಇಷ್ಟದ ಬಾಕ್ಸರ್, ಆದರೂ ಒಪ್ತೀನಿ. ಆ ಗೆಲುವು ರದ್ದಾಗಬೇಕಿತ್ತು. 2024ರಲ್ಲಿ ರಯಾನ್ ಗಾರ್ಸಿಯಾಗೆ ಮಾಡಿದ್ರಲ್ಲ, ಡೆವಿನ್ ಹೇನಿಯನ್ನ ಮೂರು ಸಲ ಕೆಡವಿ ಗೆದ್ದ, ಆಸ್ಟರೀನ್ ಅನ್ನೋ ನಿಷೇಧಿತ ಔಷಧಿ ಸಿಕ್ಕಿಬಿತ್ತು, ಗೆಲುವನ್ನ 'ನಿರ್ಣಯವಿಲ್ಲ' ಮಾಡಿ ಒಂದು ವರ್ಷ ಕೂರಿಸಿದ್ರು. ಆ ಪಂದ್ಯಕ್ಕೆ ತೂಕನೂ 3.2 ಪೌಂಡ್ ಹೆಚ್ಚು ತಂದಿದ್ದ. ಒಂದು ವರ್ಷ ಕಡಿಮೆ ಅಂತ ನನ್ನ ಅಭಿಪ್ರಾಯ, ಆದ್ರೆ ದಿಕ್ಕು ಸರಿ ಇದೆ.

ಹಳೇ ರೇಡಿಯೋ:
ಈಗಿನ ಹುಡುಗರು ಎಲ್ಲ ಮೋಸನೂ ಹೊಸದು ಅನ್ನೋ ಹಾಗೆ ಮಾತಾಡ್ತೀರಿ. 1964ರಲ್ಲಿ ಮಯಾಮಿ ಬೀಚ್‌ನಲ್ಲಿ ಮಹಮ್ಮದ್ ಅಲಿ (ಆಗಿನ್ನೂ ಕ್ಲೇ ಅಂತ ಹೆಸರು) ಲಿಸ್ಟನ್ ಜೊತೆ ಆಡ್ತಿದ್ದಾಗ ನಾಲ್ಕನೇ ಸುತ್ತಿನ ಹೊತ್ತಿಗೆ ಕಣ್ಣು ಉರಿದು ಏನೂ ಕಾಣದ ಹಾಗಾಯ್ತು. ಗ್ಲೌಸ್ ಕತ್ತರಿಸಿಬಿಡು ಅಂತ ಕೂಗಿದ. ಅವನ ಕೋಚ್ ಏಂಜೆಲೊ ಡಂಡೀ ಕಣ್ಣು ತೊಳೆದು ರಿಂಗ್‌ಗೆ ದೂಡಿದ. ಐದನೇ ಸುತ್ತು ಪೂರ್ತಿ ಕುರುಡನ ಹಾಗೆ ಕೈ ಚಾಚಿಕೊಂಡು, ಓಡಾಡಿಕೊಂಡು ಕಳೆದ. ಆರನೇ ಸುತ್ತಾದ ಮೇಲೆ ಲಿಸ್ಟನ್ ಸ್ಟೂಲಿಂದ ಏಳಲೇ ಇಲ್ಲ. ಗಾಯಕ್ಕೆ ಹಚ್ಚೋ ಔಷಧಿ ಅಕಸ್ಮಾತ್ ಲಿಸ್ಟನ್ ಗ್ಲೌಸ್‌ಗೆ ತಾಗಿದ್ದೋ, ಬೇಕಂತಲೇ ಹಚ್ಚಿದ್ದೋ, ಜಗಳ ಇನ್ನೂ ಮುಗಿದಿಲ್ಲ. ಮುಖ್ಯ ಏನಂದ್ರೆ, ಕಣ್ಣು ಕಾಣದೆ ಮೂರು ನಿಮಿಷ ಆ ಕಾಲದ ಅತಿ ಭಯಂಕರ ಹೊಡೆತಗಾರನ ಮುಂದೆ ಬದುಕಿ ಉಳಿದವನು ಅಲಿ. ಅದಕ್ಕೇ ಅವನು ಸರ್ವಶ್ರೇಷ್ಠ.

1980ರಲ್ಲಿ ಮದ್ರಾಸಿಗೆ ಬಂದು ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿ ಹೋದ. ಇಷ್ಟು ಹತ್ತಿರ ಬಂದಿದ್ದ.

ಅಂಕಪಟ್ಟಿ:
ಅಲಿ ಕಾರ್ನರ್ ಕೂಡ ಪೂರ್ತಿ ಶುದ್ಧ ಅಲ್ಲ ಸರ್. 1963ರಲ್ಲಿ ಲಂಡನ್‌ನ ವೆಂಬ್ಲಿಯಲ್ಲಿ ಹೆನ್ರಿ ಕೂಪರ್ ನಾಲ್ಕನೇ ಸುತ್ತಿನ ಕೊನೆಗೆ ಎಡಗೈ ಹುಕ್‌ನಿಂದ ಕ್ಲೇಯನ್ನ ನೆಲಕ್ಕೆ ಹಾಕಿದ. ಗಂಟೆ ಹೊಡೀತು. ಡಂಡೀ ಕ್ಲೇ ಮೂಗಿಗೆ ಎಚ್ಚರ ತರಿಸೋ ಉಪ್ಪಿನ ಘಾಟು (ಸ್ಮೆಲ್ಲಿಂಗ್ ಸಾಲ್ಟ್) ಹಿಡಿದ, ಅದು ಬ್ರಿಟನ್‌ನಲ್ಲಿ ನಿಷಿದ್ಧ. ಗ್ಲೌಸ್‌ನಲ್ಲಿ ಮೊದಲೇ ಇದ್ದ ಸಣ್ಣ ಸೀಳನ್ನ ದೊಡ್ಡದು ಮಾಡಿ ರೆಫರಿಗೆ ತೋರಿಸಿದ. ಇದನ್ನ ಡಂಡೀನೇ ಹೆಮ್ಮೆಯಿಂದ ಹೇಳಿಕೊಂಡಿದ್ದ. ಐದನೇ ಸುತ್ತಲ್ಲಿ ಕೂಪರ್ ಹುಬ್ಬು ಸೀಳಿ ಪಂದ್ಯ ಕ್ಲೇಗೆ ಹೋಯ್ತು.

ಹಳೇ ರೇಡಿಯೋ:
ಆ ಸೀಳಿನ ನೆಪದಲ್ಲಿ ಕ್ಲೇಗೆ ಸುಧಾರಿಸಿಕೊಳ್ಳೋಕೆ ಮೂರ್ನಾಲ್ಕು ನಿಮಿಷ ಹೆಚ್ಚು ಸಿಕ್ತು ಅಂತ ಜನ ಹೇಳೋದು ಕಟ್ಟುಕಥೆ. ಚಿತ್ರೀಕರಣ ನೋಡಿದ್ರೆ ಹೆಚ್ಚಿಗೆ ಸಿಕ್ಕಿದ್ದು ಕೆಲವೇ ಸೆಕೆಂಡು. ಬೇರೆ ಗ್ಲೌಸ್ ಹಾಕಲೂ ಇಲ್ಲ. ಅದರ ಜೊತೆ ಪನಾಮಾ ಲೂಯಿಸ್‌ನ ಹೋಲಿಸಬೇಡಿ.

ಅಂಕಪಟ್ಟಿ:
ಹೋಲಿಸ್ತಿಲ್ಲ. ಶ್ರೇಷ್ಠರ ಕಾರ್ನರ್ ಆದ್ರೆ 'ಚಾಣಾಕ್ಷತನ', ಬೇರೆಯವರದಾದ್ರೆ 'ಮೋಸ' ಅನ್ನೋದು ಸರಿಯಲ್ಲ ಅಂದೆ.

ನಾಲ್ಕನೇ ಮೂಲೆ:
ಸರ್ವಶ್ರೇಷ್ಠ ಅಂದ್ರೆ ಶುಗರ್ ರೇ ರಾಬಿನ್ಸನ್. 1943ರಲ್ಲಿ ಲಾಮೊಟ್ಟಾ ಹತ್ರ ಸೋತ ಮೇಲೆ 1951ರಲ್ಲಿ ರ್‍ಯಾಂಡಿ ಟರ್ಪಿನ್ ಹತ್ರ ಸೋಲೋವರೆಗೂ ಸೋಲೇ ಇಲ್ಲ. ಎಂಟು ವರ್ಷ! ಈಗಿನವರು ವರ್ಷಕ್ಕೆ ಎರಡು ಪಂದ್ಯ ಆಡಿದ್ರೆ ದೊಡ್ಡದು. ಮಾಫಿಯಾ ಆಟ ನಡೆಸ್ತಿದ್ದ ಕಾಲ ಅದು. ಲಾಮೊಟ್ಟಾ 1947ರಲ್ಲಿ ಬಿಲ್ಲಿ ಫಾಕ್ಸ್‌ಗೆ ಬೇಕಂತಲೇ ಸೋತೆ, ಚಾಂಪಿಯನ್‌ಶಿಪ್ ಅವಕಾಶ ಸಿಗಲಿ ಅಂತ ಸೋತೆ, ಅಂತ 1960ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಮುಂದೆ ತಾನೇ ಹೇಳಿದ.

ಹುಬ್ಳಿ ಮಟ್ಟಿ:
ಒಳ ಒಪ್ಪಂದದ ಕುಸ್ತಿ ಅಂದ್ರ ಇದ. ನಮ್ಮ ಕಡೆ ಮಂದಿ ಹತ್ತು ನಿಮಿಷದಾಗ ಕಂಡ ಹಿಡೀತಾರ, ಹಲಗಿ ಬಡಿಯಾವ್ರು ಬಡಿಯೂದ ನಿಲ್ಲಿಸ್ತಾರ.

ಕಡಲ ತಡಿ:
ಹಳೇ ಕಾಲದ ಬಾಕ್ಸರ್ ಡೆಂಪ್ಸಿ ಕತೆ? 1919ರಲ್ಲಿ ಟೊಲೀಡೊದಲ್ಲಿ ಜೆಸ್ ವಿಲಾರ್ಡ್‌ನನ್ನು ಮೊದಲ ಸುತ್ತಲ್ಲೇ ಏಳು ಸಲ ಕೆಡವಿದ್ದು ಪ್ಲಾಸ್ಟರ್ ಕೈಯಿಂದ ಅಂತ ಹೇಳ್ತಾರಲ್ಲ.

ಅಂಕಪಟ್ಟಿ:
ಅದು ಅವನ ಹಳೇ ಮ್ಯಾನೇಜರ್ ಕಾರ್ನ್ಸ್ ಹೇಳಿದ್ದು, ಅದೂ ಇಬ್ಬರೂ ಕಿತ್ತಾಡಿಕೊಂಡು ದೂರ ಆದ ಎಷ್ಟೋ ವರ್ಷಕ್ಕೆ. 1964ರಲ್ಲಿ ಅಚ್ಚಾದಾಗ ಡೆಂಪ್ಸಿ ಕೋರ್ಟಿಗೆ ಹೋದ. ಆಗ ಡೆಂಪ್ಸಿ 187 ಪೌಂಡ್, ವಿಲಾರ್ಡ್ ಸುಮಾರು 245, ಎತ್ತರ ಆರೂವರೆ ಅಡಿ. ಅಷ್ಟು ದೊಡ್ಡ ಆಳು ಹಾಗೆ ಉರುಳಿದ್ದನ್ನ ನೋಡಿದವರಿಗೆ ಏನೋ ಕಾರಣ ಬೇಕಾಯ್ತು. ಎದ್ದು ನಿಲ್ಲೋಕೂ ಬಿಡದೆ ಪಕ್ಕದಲ್ಲೇ ನಿಂತು ಹೊಡೆಯೋಕೆ ಆಗಿನ ನಿಯಮದಲ್ಲಿ ಅವಕಾಶ ಇತ್ತು. ಬಿದ್ದವನಿಂದ ದೂರದ ಮೂಲೆಗೆ ಹೋಗಬೇಕು ಅನ್ನೋದು ಆಮೇಲೆ ಬಂತು. ಅದೊಂದೇ ಸಾಕು ಕಾರಣಕ್ಕೆ.

ಬಾಕ್ಸಿಂಗ್ ಅಮ್ಮ:
ನನ್ನ ಮಗಳು ಜಿಲ್ಲಾ ಮಟ್ಟದಲ್ಲಿ ಆಡ್ತಾಳೆ, ಅದಕ್ಕೇ ಈ ಚರ್ಚೆ ಪೂರ್ತಿ ಓದಿದೆ. ನೀವೆಲ್ಲ ಗ್ಲೌಸ್, ಔಷಧಿ ಅಂತೀರಿ. ನನ್ನ ಅನುಭವದಲ್ಲಿ ಹುಡುಗಿಯರನ್ನ ಹೆಚ್ಚು ಒಡೆದು ಹಾಕೋದು ಜಡ್ಜ್‌ಗಳ ಮೋಸ. ಗ್ಲೌಸ್ ಮೋಸ ನೂರರಲ್ಲಿ ಒಂದು ಸಿಗಬಹುದು. ತೀರ್ಪು ಮಾತ್ರ ಪ್ರತಿ ಪಂದ್ಯದಲ್ಲೂ ಇರತ್ತೆ.

2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ನೆನಪಿದೆಯಾ? 60 ಕೆಜಿ ಸೆಮಿಫೈನಲ್‌ನಲ್ಲಿ ಲೈಶ್ರಾಮ್ ಸರಿತಾ ದೇವಿ ಕೊರಿಯಾದ ಪಾರ್ಕ್ ಜಿ-ನಾಳನ್ನ ಸುತ್ತಿಂದ ಸುತ್ತಿಗೆ ಹೊಡೆದಳು, ತೀರ್ಪು ಆತಿಥೇಯರ ಕಡೆ ಬಂತು. ಪದಕ ಕೊಡೋವಾಗ ಅಳ್ತಾ ತನ್ನ ಕಂಚನ್ನ ಪಾರ್ಕ್ ಕೊರಳಿಗೇ ಹಾಕಿದಳು. ಅಂತರರಾಷ್ಟ್ರೀಯ ಸಂಸ್ಥೆ ಏನು ಮಾಡ್ತು? ಸರಿತಾಗೆ ಒಂದು ವರ್ಷ ನಿಷೇಧ. ಮಗು ಹೆತ್ತು ಮತ್ತೆ ರಿಂಗ್‌ಗೆ ಬಂದಿದ್ದ ಹೆಣ್ಣುಮಗಳು ಅವಳು.

ನನ್ನ ಮಗಳು ಆ ವಿಡಿಯೋ ನೋಡಿ "ಅಮ್ಮ, ನಾನೂ ಹಾಗೇ ಮಾಡ್ತಿದ್ದೆ" ಅಂದ್ಲು. ಬೇಡ ಅಂತ ಹೇಳೋಕೆ ನಂಗೆ ಬಾಯಿ ಬರಲಿಲ್ಲ.

ರಾತ್ರಿ ಪಾಳಿ:
ಅಕ್ಕ, ಸರಿಯಾಗಿ ಹೇಳಿದ್ರಿ. ನಿಮ್ಮ ಮಗಳಿಗೆ ಒಳ್ಳೇದಾಗಲಿ.

ನಾಲ್ಕನೇ ಮೂಲೆ:
ಕೊರಿಯಾ ಅಂದ್ರೆ 1988ರ ಸೋಲ್ ಒಲಿಂಪಿಕ್ಸ್ ಬಿಡೋಕಾಗಲ್ಲ. ಫೈನಲ್‌ನಲ್ಲಿ ರಾಯ್ ಜೋನ್ಸ್ 86 ಏಟು ಹೊಡೆದ, ಪಾರ್ಕ್ ಸಿ-ಹುನ್ 32. ತೀರ್ಪು 3-2 ಪಾರ್ಕ್‌ಗೆ. ಅದೇ ಕೂಟದ ಅತ್ಯುತ್ತಮ ಶೈಲಿಯ ಬಾಕ್ಸರ್ ಅಂತ ವಾಲ್ ಬಾರ್ಕರ್ ಟ್ರೋಫಿ ಕೊಟ್ಟದ್ದು ಮಾತ್ರ ಜೋನ್ಸ್‌ಗೆ! ಪಾರ್ಕ್ ಕೂಡ ಬಲಿಪಶುನೇ. ಕೇಳದೆ ಬಂದ ಚಿನ್ನ ಜೀವಮಾನ ಪೂರ್ತಿ ಅವನಿಗೆ ಭಾರವಾಯ್ತು. ಕೊನೆಗೆ 2023ರಲ್ಲಿ ಅಮೆರಿಕಕ್ಕೆ ಹೋಗಿ, ಜೋನ್ಸ್ ಮನೆಯಲ್ಲೇ ಆ ಪದಕವನ್ನ ಅವನ ಕೈಗೆ ಕೊಟ್ಟ.

ಮೈಸೂರು ಗರಡಿ:
ಇದನ್ನ ನೋಡಿದ್ರಾ ಎಡಗೈ ಅವರೇ? ಪಾರ್ಕ್ ಗೆದ್ದದ್ದೂ ಮೋಸದ ಗೆಲುವೇ, ಆದ್ರೆ ಅವನ ಮೇಲೆ ಯಾರೂ ತಪ್ಪು ಹೊರಿಸಲ್ಲ. ಮೋಸದಿಂದ ಲಾಭ ಆದವನು ಬೇರೆ, ಮೋಸ ಮಾಡಿದವನು ಬೇರೆ. ಎಷ್ಟು ಗೊತ್ತಿತ್ತು, ಯಾವಾಗ ಗೊತ್ತಾಯ್ತು ಅನ್ನೋದರ ಮೇಲೆ ಶಿಕ್ಷೆ ನಿಲ್ಲಬೇಕು.

ಎಡಗೈ ಹುಕ್:
ಪಾರ್ಕ್ ವಿಷಯ ಒಪ್ಪಿದೆ. ಅವನ ಕೈಯಲ್ಲಿ ಪ್ಲಾಸ್ಟರ್ ಇರಲಿಲ್ಲ.

ಕೇಜ್ ಅಭಿಮಾನಿ:
ಬಾಕ್ಸಿಂಗ್ ಬಿಟ್ಟು ಎಂಎಂಎಗೆ (ಬಾಕ್ಸಿಂಗ್, ಕುಸ್ತಿ ಎಲ್ಲ ಸೇರಿದ ಕಾಳಗ) ಬನ್ನಿ ಅಂತ ಅದಕ್ಕೇ ಹೇಳೋದು. ನಾಲ್ಕು ಔನ್ಸ್ ಗ್ಲೌಸ್, ಬೆರಳು ಹೊರಗೇ ಇರತ್ತೆ, ಕದಿಯೋಕೆ ಮೆತ್ತೆನೇ ಇಲ್ಲ.

ಕಣ್ಣಿನ ಡಾಕ್ಟರ್:
ಬೆರಳು ಹೊರಗೆ ಇರೋದೇ ಅಲ್ಲಿನ ತೊಂದರೆ. 2025ರ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಟಾಮ್ ಆಸ್ಪಿನಾಲ್ – ಸಿರಿಲ್ ಗಾನ್ ಹೆವಿವೇಟ್ ಪಂದ್ಯ ಮೊದಲ ಸುತ್ತಲ್ಲೇ ನಿಂತುಹೋಯ್ತು. ಬೆರಳು ಕಣ್ಣಿಗೆ ಹೊಕ್ಕಿತ್ತು. ಬೇಕಂತ ಮಾಡಿದ್ದು ಅಂತ ಸಾಬೀತು ಮಾಡೋಕೆ ಆಗಲ್ಲ, ಆದ್ದರಿಂದ ರೆಫರಿಗಳು ಎಚ್ಚರಿಕೆ ಕೊಟ್ಟು ಬಿಡ್ತಾರೆ. ಉದ್ದೇಶ ಏನೇ ಇರಲಿ, ಮೊದಲ ಸಲಕ್ಕೇ ಅಂಕ ಕಡಿತ ಮಾಡಿದ್ರೆ ತಾನಾಗೇ ಮುಷ್ಟಿ ಮುಚ್ಚಿಕೊಳ್ಳತ್ತೆ.

ನಾಲ್ಕನೇ ಮೂಲೆ:
ರೆಸ್ಟೋ – ಕಾಲಿನ್ಸ್ ರಾತ್ರಿಯ ಮುಖ್ಯ ಪಂದ್ಯದಲ್ಲೂ ಇದೇ ಆಗಿತ್ತು. ಡುರಾನ್ ಹೆಬ್ಬೆರಳು ಮೊದಲ ಸುತ್ತಲ್ಲೇ ಡೇವಿ ಮೂರ್ ಕಣ್ಣಿಗೆ ಹೋಯ್ತು. ಆ ಕಣ್ಣು ಮುಚ್ಚಿಕೊಂಡು ಬಂತು, ಎಂಟನೇ ಸುತ್ತಲ್ಲಿ ಪಂದ್ಯ ಮುಗೀತು. ಡುರಾನ್‌ನ ದೊಡ್ಡ ಗೆಲುವುಗಳಲ್ಲಿ ಅದನ್ನ ಎಣಿಸ್ತಾರೆ, ಹೆಬ್ಬೆರಳ ಮಾತು ಯಾರೂ ಎತ್ತಲ್ಲ. ಒಂದೇ ರಾತ್ರಿ, ಒಂದೇ ರಿಂಗ್, ಇಬ್ಬರ ಕಣ್ಣು.

ಹುಬ್ಳಿ ಮಟ್ಟಿ:
ಮೈಸೂರಿನವ್ರ, ನಿಮ್ಮ ಕಡೆ ದಸರಾದಾಗ ವಜ್ರಮುಷ್ಟಿ ಕಾಳಗ ಆಗತೈತೆಲ್ಲ, ಅಲ್ಲಿ ಮೋಸ ಹೆಂಗ ತಡೀತಾರ?

ಮೈಸೂರು ಗರಡಿ:
ಅದು ಬೇರೆ ಥರ ಸರ್. ವಿಜಯದಶಮಿ ದಿನ, ಜಂಬೂಸವಾರಿಗೆ ಮುಂಚೆ, ಅರಮನೆ ಒಳಗೆ ನಡೆಯತ್ತೆ. ತಲೆ ಬೋಳಿಸಿಕೊಂಡ ಜಟ್ಟಿಗಳು, ಬೆರಳಿಗೆ ಮೊನೆ ಇರೋ ವಜ್ರಮುಷ್ಟಿ. ಒಂದು ಹನಿ ರಕ್ತ ಬಂದ ತಕ್ಷಣ ಹಿರಿಯರು ಬಿಡಿಸ್ತಾರೆ, ಎಷ್ಟೋ ಸಲ ಒಂದು ನಿಮಿಷನೂ ಹಿಡಿಯಲ್ಲ. ಅಲ್ಲಿ ಗೆಲುವಿಗಿಂತ ಸೇವೆ ದೊಡ್ಡದು. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿ ಮನೆತನದವರು ಬರ್ತಾರೆ. ಆಯುಧ ಎಲ್ಲರ ಕಣ್ಣೆದುರೇ ಇರತ್ತೆ, ಬಚ್ಚಿಡೋಕೆ ಏನೂ ಇಲ್ಲ. ಬಾಕ್ಸಿಂಗ್‌ನಲ್ಲಿ ಕೈ ಮುಚ್ಚಿರತ್ತೆ, ತೊಂದರೆ ಶುರುವಾಗೋದೇ ಅಲ್ಲಿಂದ.

ಬಾಕ್ಸಿಂಗ್ ಅಮ್ಮ:
ಹಾಗಾದ್ರೆ ನಮ್ಮಂಥವರು ಏನು ನೋಡಬೇಕು ಅಂತ ಯಾರಾದ್ರೂ ಹೇಳಿ. ಮಗಳ ಎದುರಿನ ಹುಡುಗಿಯ ಗ್ಲೌಸ್ ಸರಿ ಇದೆಯಾ ಅಂತ ತಿಳಿಯೋದು ಹೇಗೆ?

ಎಡಗೈ ಹುಕ್:
ಅಕ್ಕ, ಅಮೆಚೂರ್ ಪಂದ್ಯದಲ್ಲಿ ಗ್ಲೌಸ್ ಆಯೋಜಕರೇ ಕೊಡಬೇಕು, ಮನೆಯಿಂದ ತಂದದ್ದಕ್ಕೆ ಒಪ್ಪಬೇಡಿ. ಹಾಕೋ ಮುಂಚೆ ನಿಮ್ಮ ಕೋಚ್ ಎರಡೂ ಗ್ಲೌಸನ್ನ ಕೈಯಲ್ಲಿ ಹಿಡಿದು ಗೆಣ್ಣಿನ ಜಾಗ ಒತ್ತಿ ನೋಡಲಿ. ಎರಡೂ ಒಂದೇ ಥರ ಮರಳಿ ಉಬ್ಬಬೇಕು. ಅಂಗೈ ಕಡೆ ಹೊಲಿಗೆ ಬಿಚ್ಚಿದೆಯಾ, ತೂತು ಇದೆಯಾ ನೋಡಲಿ, ಕದಿಯೋರು ಕೈ ಹಾಕೋದು ಒಳಗಿನ ಕಡೆಯಿಂದ. ಕೈಪಟ್ಟಿ ಒಣಗಿರಬೇಕು. ಒದ್ದೆ ಇದ್ರೆ ಬಿಚ್ಚಿ ಹೊಸದು ಸುತ್ತೋಕೆ ಹೇಳಿ, ಸಂಕೋಚ ಬೇಡ. ವೃತ್ತಿಪರ ಪಂದ್ಯದಲ್ಲಿ ಪಟ್ಟಿ ಸುತ್ತಿದ ಮೇಲೆ ಅಧಿಕಾರಿ ಅದರ ಮೇಲೆ ಸಹಿ ಹಾಕ್ತಾರೆ, ಆಮೇಲೆ ಯಾರೂ ಮುಟ್ಟೋ ಹಾಗಿಲ್ಲ.

ಇನ್ನೊಂದು ನಿಯಮ ಎಲ್ಲ ಕಡೆ ಬರಬೇಕು ಅನ್ನೋದು ನನ್ನ ಬಲವಾದ ಆಸೆ. ಪಂದ್ಯ ಮುಗಿದ ತಕ್ಷಣ, ರಿಂಗ್‌ನಿಂದ ಇಳಿಯೋ ಮುಂಚೆನೇ, ಇಬ್ಬರ ಗ್ಲೌಸೂ ಪಟ್ಟಿಯೂ ವಶಕ್ಕೆ ತಗೋಬೇಕು. ಕಾಲಿನ್ಸ್ ಅಪ್ಪ ಕೈ ಕುಲುಕಿದ್ದರಿಂದ ಸಿಕ್ಕಿಬಿದ್ದದ್ದು, ಇಲ್ಲದಿದ್ರೆ ಆ ಗ್ಲೌಸ್ ಕಸಕ್ಕೆ ಹೋಗ್ತಿತ್ತು. ಕೊಟ್ಟೊ ಪಂದ್ಯದಲ್ಲಿ ಹಾಗೆ ಮಾಡಿದ್ರೆ ಇವತ್ತು ಈ ಜಗಳನೇ ಇರ್ತಿರಲಿಲ್ಲ.

ಅಂಕಪಟ್ಟಿ:
ಇದಕ್ಕೆ ನನ್ನ ಪೂರ್ತಿ ಬೆಂಬಲ. ಆಗ ಅನುಮಾನವೂ ಸಾಕ್ಷಿಯೂ ಒಂದೇ ಕಡೆ ಸಿಗತ್ತೆ.

ಹುಬ್ಳಿ ಮಟ್ಟಿ:
ನಿಯಮ ಚಲೋ ಅದ. ಆದ್ರ ತಾಲೂಕಿನ ಪಂದ್ಯದಾಗ ರೆಫರಿನೂ ಅವ್ರ, ಜಡ್ಜೂ ಅವ್ರ, ಗ್ಲೌಸ್ ಕೊಡಾವ್ರೂ ಅವ್ರ. ವಶಕ್ಕ ತಗೊಳಾವ್ರು ಯಾರ್ರಿ? ಮೊದಲ ಹೊರಗಿನಾವ್ರು ಒಬ್ಬರು ಬರಬೇಕು.

ಬಾಕ್ಸಿಂಗ್ ಅಮ್ಮ:
ನಾವೇ ತಂದೆ ತಾಯಂದಿರು ಇಬ್ಬರು ನಿಂತ್ಕೋತೀವಿ ಸರ್, ಎರಡೂ ಕಡೆಯಿಂದ ಒಬ್ಬೊಬ್ಬರು. ಮುಂದಿನ ಪಂದ್ಯಕ್ಕೆ ಮುಂಚೆ ಆಯೋಜಕರಿಗೆ ಬರೆದು ಕೊಡ್ತೀನಿ. ಎಡಗೈ ಅವರೇ, ಮೇಲೆ ಬರೆದಿದ್ದನ್ನ ಅದರಲ್ಲಿ ಹಾಕ್ಕೋಬಹುದಾ?

ಎಡಗೈ ಹುಕ್:
ಧಾರಾಳವಾಗಿ ಹಾಕ್ಕೊಳ್ಳಿ ಅಕ್ಕ. ಕೈಪಟ್ಟಿ ಸುತ್ತೋವಾಗ ಎದುರಿನವರ ಕಡೆಯ ಒಬ್ಬರು ಪಕ್ಕದಲ್ಲಿ ನಿಂತು ನೋಡಬೇಕು ಅನ್ನೋದನ್ನೂ ಸೇರಿಸಿ.